ಲಿಂಕ್ ಇದ್ರೆ ಕಳ್ಸಿ

ಹೊಸ ಸಿನಿಮಾ ಬಿಡುಗಡೆಯಾದ ಶುಕ್ರವಾರ ಸಂಜೆಯ ಹೊತ್ತಿಗೆ ನಮ್ಮ ನೆಂಟರಿಷ್ಟರ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಲಿಂಕ್ ಇದ್ರೆ ಕಳ್ಸಿ." ಯಾವುದರ ಲಿಂಕ್ ಅಂತ ಯಾರೂ ವಿಚಾರಿಸುವುದಿಲ್ಲ. ಕೇಳಿದವರು ಪೋಲಿಪುಂಡರೂ ಅಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದ ದೊಡ್ಡಪ್ಪನೇ ಕೇಳಿರುತ್ತಾರೆ. ಕಿರಾಣಿ ಅಂಗಡಿಯವನು ತಪ್ಪಿ ಹತ್ತು ರೂಪಾಯಿ ಜಾಸ್ತಿ ಚಿಲ್ಲರೆ ಕೊಟ್ಟರೆ ಬಿಸಿಲಲ್ಲಿ ವಾಪಸು ನಡೆದುಹೋಗಿ ಕೊಟ್ಟು ಬರುವ ಮನುಷ್ಯ ಅವರು. ಅರ್ಧ ಗಂಟೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಲಿಂಕ್ ಹಾಕುತ್ತಾನೆ. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿಹ್ನೆಗಳು ಬಂದು ಬೀಳುತ್ತವೆ. ಆ ಗ್ರೂಪಿನಲ್ಲಿ ದಿನಾ ಬೆಳಗ್ಗೆ ಬರುವ ಸುಭಾಷಿತಗಳಲ್ಲಿ ಪರದ್ರವ್ಯದ ಬಗ್ಗೆಯೂ ಆಗಾಗ ಒಂದೆರಡು ಇರುತ್ತವೆ. ಎರಡಕ್ಕೂ ತಾಳೆಯಿಲ್ಲ ಅಂತ ಯಾರಿಗೂ ಅನ್ನಿಸಿದ ಹಾಗಿಲ್ಲ.

ಸರ್ಕಾರಕ್ಕೆ ಅನ್ನಿಸಿದೆ. ಜನ ಗೂಂಡಾ ಕಾಯ್ದೆ ಅಂತ ಕರೆಯುವ 1985ರ ಕಾಯ್ದೆಯೊಂದು ಕರ್ನಾಟಕದಲ್ಲಿದೆ. ಅದರ ಪೂರ್ತಿ ಹೆಸರನ್ನು ಒಂದೇ ಉಸಿರಿಗೆ ಓದಲಾಗದು. ಆ್ಯಸಿಡ್ ಎರಚುವವರು, ಕಳ್ಳಭಟ್ಟಿಯವರು, ಪರಿಸರ ಹಾಳುಮಾಡುವವರು, ಮಾದಕವಸ್ತು ಮಾರುವವರು, ಜೂಜುಕೋರರು, ಗೂಂಡಾಗಳು, ಭೂಗಳ್ಳರು ಅಂತ ಸಾಗಿ, ಪಟ್ಟಿಯ ಕೊನೆಗೆ ವಿಡಿಯೋ ಅಥವಾ ಆಡಿಯೋ ಪೈರೇಟುಗಳು ಬರುತ್ತಾರೆ. ಈ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಒಳಗಿಡಬಹುದು. ಆ್ಯಸಿಡ್ ಎರಚುವವನ ಜೊತೆ ಸಾಲಿನಲ್ಲಿ ನಮ್ಮ ದೊಡ್ಡಪ್ಪ ಮಫ್ಲರ್ ಸುತ್ತಿಕೊಂಡು ನಿಂತಿರುವುದನ್ನು ಊಹಿಸಿಕೊಂಡರೆ ನಗು ಬರುತ್ತದೆ. ಕಾಯ್ದೆ ಹೊರಟಿರುವುದು ಅದನ್ನೇ ದಂಧೆ ಮಾಡಿಕೊಂಡವರ ಮೇಲೆ, ಮನೆಯಲ್ಲಿ ಕೂತು ನೋಡುವವರ ಮೇಲಲ್ಲ. ಆದರೆ ದಂಧೆಯವರು ಬದುಕಿರುವುದೇ ಮನೆಯಲ್ಲಿ ಕೂತವರಿಂದ. ಇದನ್ನು ಗ್ರೂಪಿನಲ್ಲಿ ಹೇಳಿದರೆ ನನ್ನನ್ನು ತೆಗೆದುಹಾಕುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಸಿನಿಮಾ ಕಾಪಿ ಮಾಡುವುದು ಈಗಿನ ಹುಡುಗರು ಕಂಡುಹಿಡಿದ ವಿದ್ಯೆಯೇನಲ್ಲ. 1982ರ ಏಷ್ಯನ್ ಗೇಮ್ಸ್ ನೆಪದಲ್ಲಿ ಕಲರ್ ಟಿವಿ ಬಂತು. ಅದರ ಬೆನ್ನಿಗೇ ಗಲ್ಫಿನಲ್ಲಿ ಮಕ್ಕಳಿದ್ದ ಕರಾವಳಿಯ ಮನೆಗಳಿಗೆ ವಿಸಿಆರ್ ಬಂತು. ಉಡುಪಿಯ ನಮ್ಮ ಸೋದರಮಾವನ ಮನೆಗೆ ಒಂದಲ್ಲ, ಎರಡು ಬಂದವು. ಒಬ್ಬನೇ ಮನುಷ್ಯನಿಗೆ ಎರಡು ವಿಸಿಆರ್ ಯಾಕೆ ಅಂತ ಅತ್ತೆ ಕೇಳಿದ್ದಕ್ಕೆ ಮಾವ ಉತ್ತರ ಕೊಡಲಿಲ್ಲ, ಒಂದು ವೈರು ತಂದರು. ಒಂದರ ಹಿಂಭಾಗದಿಂದ ಇನ್ನೊಂದರ ಹಿಂಭಾಗಕ್ಕೆ ವೈರು ಸಿಕ್ಕಿಸಿ, ಇದರಲ್ಲಿ ಪ್ಲೇ, ಅದರಲ್ಲಿ ರೆಕಾರ್ಡ್ ಒತ್ತಿದರೆ ಮೂರು ಗಂಟೆಯಲ್ಲಿ ಒಂದು ಸಿನಿಮಾ ಎರಡಾಗುತ್ತಿತ್ತು.

ಆ ಕಾಲದ ಕ್ಯಾಸೆಟ್ ನೋಡಿದವರಿಗೆ ನೆನಪಿರುತ್ತದೆ. ಅದರ ಬೆನ್ನಿನ ಅಂಚಿನ ಎಡತುದಿಯಲ್ಲಿ ಉಗುರಿನಷ್ಟು ಅಗಲದ ಪ್ಲಾಸ್ಟಿಕ್ ತುಣುಕೊಂದು ಇರುತ್ತಿತ್ತು. ಅದನ್ನು ಮುರಿದುಬಿಟ್ಟರೆ ಆ ಕ್ಯಾಸೆಟ್ಟಿನ ಮೇಲೆ ಮತ್ತೆ ರೆಕಾರ್ಡ್ ಆಗದು. ಅಂಗಡಿಯಿಂದ ಬರುವ ಸಿನಿಮಾ ಕ್ಯಾಸೆಟ್ಟುಗಳಿಗೆ ಆ ತುಣುಕು ಇರುತ್ತಲೇ ಇರಲಿಲ್ಲ. ಅಂಥ ಕ್ಯಾಸೆಟ್ಟಿನ ಮೇಲೆಯೇ ಬೇರೆ ಸಿನಿಮಾ ತುಂಬಬೇಕಾದಾಗ ಮಾವ ಆ ತೂತಿನ ಮೇಲೆ ಸೆಲೋಟೇಪನ್ನು ಎರಡು ಸುತ್ತು ಅಂಟಿಸುತ್ತಿದ್ದರು. ಯಂತ್ರ ಮೋಸಹೋಗುತ್ತಿತ್ತು. ಚಿತ್ರೋದ್ಯಮ ಹಾಕಿದ ಬೀಗವೊಂದು ಎರಡು ಸುತ್ತು ಸೆಲೋಟೇಪಿಗೆ ತೆರೆಯುತ್ತಿತ್ತು ಅನ್ನುವುದು ನನಗೆ ಇವತ್ತಿಗೂ ಸೋಜಿಗ. ಟೇಪಿನ ಉದ್ದ 180 ನಿಮಿಷ, ಕೆಲವು ಸಿನಿಮಾ ಅದಕ್ಕಿಂತ ಉದ್ದ. ಅಂಥ ಹೊತ್ತಲ್ಲಿ ಮಾವ ಫೈಟ್ ಬಂದಾಗ ಪಾಸ್ ಒತ್ತಿ ಕೂರುತ್ತಿದ್ದರು. "ಫೈಟ್ ಎಲ್ಲ ಒಂದೇ ಮಾರಾಯ, ಹಾಡು ಹೋಗಬಾರದು" ಅನ್ನುವುದು ಅವರ ಸಂಕಲನ ನೀತಿ. ಹಾಗಾಗಿ ನಮ್ಮ ಬಳಗದಲ್ಲಿ ಕೆಲವು ಸಾಹಸಚಿತ್ರಗಳ ಖಳನಾಯಕರು ಏಟು ತಿನ್ನದೆಯೇ ಸೋತುಹೋಗುತ್ತಿದ್ದರು.

ಮಾವ ದುಡ್ಡು ಮುಟ್ಟುತ್ತಿರಲಿಲ್ಲ. ಖಾಲಿ ಕ್ಯಾಸೆಟ್ ತಂದುಕೊಟ್ಟರೆ ಆಯಿತು. ಯಾರೋ ಪಾಪ ಇಪ್ಪತ್ತು ರೂಪಾಯಿ ಕೊಡಹೋಗಿದ್ದಕ್ಕೆ "ನಾನೇನು ಅಂಗಡಿ ಇಟ್ಟಿದ್ದೇನಾ?" ಅಂತ ಎರಡು ತಿಂಗಳು ಮಾತು ಬಿಟ್ಟಿದ್ದರು. ಮಾರಿದರೆ ಕಳ್ಳತನ, ಹಂಚಿದರೆ ಸ್ನೇಹ ಅನ್ನುವುದು ಅವರ ಸಿದ್ಧಾಂತ. ಸಿದ್ಧಾಂತವೇನೋ ಚೆನ್ನಾಗಿದೆ. ಅದನ್ನು ಕಾಪಾಡುತ್ತಿದ್ದದ್ದು ಮಾವನ ಪ್ರಾಮಾಣಿಕತೆ ಮಾತ್ರ ಅಲ್ಲ, ಟೇಪಿನ ದೌರ್ಬಲ್ಯ ಕೂಡ. ಕಾಪಿಯಿಂದ ಕಾಪಿಗೆ ಬಣ್ಣ ಇಳಿಯುತ್ತಿತ್ತು. ಮೂರನೆಯ ಕಾಪಿಯಲ್ಲಿ ನಾಯಕಿಯ ಹಣೆಯ ಕುಂಕುಮ ಜಾರಿ ಮೂಗಿನ ಪಕ್ಕದಲ್ಲಿ ತೇಲುತ್ತಿತ್ತು. ನಾಲ್ಕನೆಯದರಲ್ಲಿ ನಾಯಕಿಯೇ ಮಂಜಿನಲ್ಲಿ ಕರಗಿಹೋಗುತ್ತಿದ್ದಳು. ಹಂಚುವುದಕ್ಕೆ ಒಂದು ಮಿತಿ ತಾನಾಗಿಯೇ ಇತ್ತು. ಈಗ ಹತ್ತು ಸಾವಿರದ ಒಂದನೆಯ ಕಾಪಿಯೂ ಮೊದಲನೆಯದರಷ್ಟೇ ನಿಚ್ಚಳ. ಮಾವನ ಸಿದ್ಧಾಂತ ಹಾಗೇ ಉಳಿಯಿತು, ವೈರು ಮಾತ್ರ ಭೂಮಂಡಲದಷ್ಟು ಉದ್ದವಾಯಿತು.

ಅಮೆರಿಕದಲ್ಲಿ ಇದೇ ವೈರಿನ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸೋನಿ ಕಂಪನಿಯ ಬೀಟಾಮ್ಯಾಕ್ಸ್ ಯಂತ್ರದ ಮೇಲೆ ಯೂನಿವರ್ಸಲ್ ಮತ್ತು ಡಿಸ್ನಿ ಸ್ಟುಡಿಯೋಗಳು 1976ರಲ್ಲಿ ದಾವೆ ಹೂಡಿದವು. ಹಾಲಿವುಡ್ ನಿರ್ಮಾಪಕರ ಸಂಘದ ಮುಖ್ಯಸ್ಥ ಜಾಕ್ ವಾಲೆಂಟಿ 1982ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ಮುಂದೆ ನಿಂತು, ವಿಸಿಆರನ್ನು ಒಂಟಿ ಹೆಂಗಸರ ಕತ್ತು ಹಿಸುಕುತ್ತಿದ್ದ ಬಾಸ್ಟನ್ನಿನ ಕುಖ್ಯಾತ ಕೊಲೆಗಾರನಿಗೆ ಹೋಲಿಸಿದ. ಸೋನಿಯ ಮೊಕದ್ದಮೆಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಫ್ರೆಡ್ ರೋಜರ್ಸ್, ತನ್ನ ಕಾರ್ಯಕ್ರಮವನ್ನು ಮನೆಯವರು ರೆಕಾರ್ಡ್ ಮಾಡಿಕೊಂಡು ತಮಗೆ ಬಿಡುವಾದಾಗ ನೋಡಿದರೆ ತನಗೇನೂ ಅಭ್ಯಂತರವಿಲ್ಲ ಅಂತ ಸಾಕ್ಷಿ ಹೇಳಿದ. 1984ರ ಜನವರಿಯಲ್ಲಿ ತೀರ್ಪು ಬಂತು. ಐವರು ನ್ಯಾಯಮೂರ್ತಿಗಳು ಈ ಕಡೆ, ನಾಲ್ವರು ಆ ಕಡೆ. ಟಿವಿಯಲ್ಲಿ ಬಂದದ್ದನ್ನು ಆಮೇಲೆ ನೋಡಲಿಕ್ಕೆಂದು ಮನೆಯಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಅಂತಾಯಿತು. ತಮಾಷೆಯೆಂದರೆ, ಅದೇ ದಶಕ ಮುಗಿಯುವಷ್ಟರಲ್ಲಿ ಹಾಲಿವುಡ್ಡಿಗೆ ಥಿಯೇಟರಿಗಿಂತ ಹೆಚ್ಚು ಆದಾಯ ವಿಡಿಯೋ ಕ್ಯಾಸೆಟ್ಟಿನಿಂದಲೇ ಬರತೊಡಗಿತು. ಕೊಲೆಗಾರನೇ ಮನೆ ಅಳಿಯನಾದ.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಖಾಸಗಿ, ಸ್ವಂತ ಬಳಕೆಗೆ ಸಲ್ಲುವ ವಿನಾಯಿತಿ ಅದರಲ್ಲಿ ಮೊದಲು ಪುಸ್ತಕ, ನಾಟಕ, ಸಂಗೀತ, ಚಿತ್ರಕಲೆಗಳಿಗಷ್ಟೇ ಇತ್ತು. 2012ರ ತಿದ್ದುಪಡಿಯಲ್ಲಿ ಸಿನಿಮಾಕ್ಕೂ ಬಂತು, ಕಂಪ್ಯೂಟರ್ ಪ್ರೋಗ್ರಾಂ ಒಂದನ್ನು ಬಿಟ್ಟು. ದುಡ್ಡು ಕೊಟ್ಟು ತಂದ ಡಿವಿಡಿಯನ್ನು ಮೊಮ್ಮಗ ಚಕ್ರ ಮಾಡಿ ಉರುಳಿಸುವ ಮೊದಲು ಹಾರ್ಡ್‌ಡಿಸ್ಕಿಗೆ ಹಾಕಿಟ್ಟುಕೊಂಡರೆ ನಾನಂತೂ ಅದನ್ನು ಪಾಪ ಅನ್ನಲಾರೆ. ಕಾಯ್ದೆಯ ಮನಸ್ಸೂ ಹೆಚ್ಚುಕಡಿಮೆ ಹಾಗೇ ಇದೆ. ಡಿಜಿಟಲ್ ಬೀಗ ಮುರಿಯುವುದು ಅಪರಾಧ ಅಂತ ಅದೇ ತಿದ್ದುಪಡಿ ಹೇಳುತ್ತದೆ, ಆದರೆ ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಮುರಿದರೆ ಬಿಟ್ಟುಬಿಡುತ್ತದೆ. ಕಾನೂನು ಪುಸ್ತಕದಲ್ಲಿ ಇಷ್ಟು ದಯೆ ಅಪರೂಪ. ಅದೇ ಡಿಸ್ಕನ್ನು ಗೆಳೆಯರಿಗೆಲ್ಲ ಕಾಪಿ ಮಾಡಿ ಹಂಚಿದರೆ ಅದು ಸ್ವಂತ ಬಳಕೆ ಅನ್ನಿಸಿಕೊಳ್ಳುವುದಿಲ್ಲ. ಈ ಒಂದು ವಿಷಯದಲ್ಲಿ ಕಾಯ್ದೆಗೂ ಮಾವನಿಗೂ ರಾಜಿಯಿಲ್ಲ.

ಈಗ ಶುಕ್ರವಾರದ ಲಿಂಕಿಗೆ ಬರೋಣ.

ಲಿಂಕ್ ಹಾಕುವ ಹುಡುಗ ನನ್ನ ಅಕ್ಕನ ಮಗನೇ. ಬುದ್ಧಿವಂತ, ವಾದಕ್ಕೆ ನಿಂತರೆ ಬಿಡುವವನಲ್ಲ. ಹೋದ ಸಲ ಬಂದಿದ್ದಾಗ ಮಾತು ಎತ್ತಿದೆ.

"ಮಾಮ, ಹೀರೋ ಒಂದು ಪಿಕ್ಚರಿಗೆ ಕೋಟಿಗಟ್ಲೆ ತಗೋತಾನೆ. ನಾನೊಬ್ಬ ಮನೇಲಿ ನೋಡಿದ್ರೆ ಅವನಿಗೇನು ಲಾಸ್?"

"ಏನೂ ಇಲ್ಲ. ಅವನ ದುಡ್ಡು ಅವನಿಗೆ ಮೊದಲೇ ಬಂದಿರುತ್ತೆ."

"ಅದನ್ನೇ ತಾನೆ ನಾನು ಹೇಳ್ತಿರೋದು?"

"ಅಲ್ಲ. ದುಡ್ಡು ಇನ್ನೂ ಬರದೇ ಇರೋರ ಬಗ್ಗೆ ನಾನು ಹೇಳ್ತಿರೋದು."

ಪೈರಸಿಯ ಪರವಾದ ವಾದಗಳಲ್ಲೆಲ್ಲ ಈ ಹೀರೋ ಎದ್ದು ಬರುತ್ತಾನೆ. ಕಾರು, ಬಂಗಲೆ, ಕಪ್ಪು ಕನ್ನಡಕದ ಸಮೇತ ಬರುತ್ತಾನೆ. ಅವನ ಜೇಬಿನಿಂದ ನೂರು ರೂಪಾಯಿ ಹೋದರೆ ಏನಂತೆ ಅಂತ ನಮ್ಮ ಆತ್ಮಸಾಕ್ಷಿ ಹಾಯಾಗಿ ಮಲಗುತ್ತದೆ. ಆದರೆ ಅವನದ್ದು ಅಡ್ವಾನ್ಸ್. ಕೊನೆಗೆ ಉಳಿಯುವವನು ಬಡ್ಡಿಗೆ ಸಾಲ ತಂದ ನಿರ್ಮಾಪಕ. ಕನ್ನಡದಲ್ಲಿ ಇತ್ತೀಚೆಗೆ ವರ್ಷಕ್ಕೆ ಇನ್ನೂರರ ಆಸುಪಾಸು ಸಿನಿಮಾ ಬರುತ್ತವೆ. ಗೆಲ್ಲುವ ನಾಲ್ಕಾರು ಸಿನಿಮಾಗಳನ್ನು ಯಾವ ಲಿಂಕೂ ತಡೆಯಲಾರದು. ಮಿಕ್ಕವುಗಳಲ್ಲಿ ಅನೇಕಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಬೆಳಗ್ಗೆ ಒಂದು ಆಟ, ಸೋಮವಾರ ಗಂಟುಮೂಟೆ. 'ಚೆನ್ನಾಗಿದೆಯಂತೆ' ಅನ್ನುವ ಮಾತು ಊರಿಗೆ ಹಬ್ಬಿ ಜನ ಹೊರಡುವ ಹೊತ್ತಿಗೆ ಪರದೆ ಮೇಲೆ ಬೇರೆ ಸಿನಿಮಾ ಇರುತ್ತದೆ. ಅಂಥ ಸಿನಿಮಾಕ್ಕೆ ಮೊದಲ ವಾರವೇ ಆಯುಸ್ಸು. ಆ ವಾರದಲ್ಲಿ ಲಿಂಕ್ ಬಂದರೆ ಕಪ್ಪು ಕನ್ನಡಕದವನಿಗೆ ಏನೂ ಆಗುವುದಿಲ್ಲ. ಮೊದಲ ಸಿನಿಮಾ ಮಾಡಿದ ನಿರ್ದೇಶಕನಿಗೆ ಎರಡನೆಯದು ಸಿಗುವುದಿಲ್ಲ.

ಹುಡುಗನ ಎರಡನೆಯ ವಾದ ಟಿಕೆಟ್ಟಿನದು. ನಾಲ್ಕು ಜನ ಮಾಲಿಗೆ ಹೋಗಿ ಬಂದರೆ ತಿಂಗಳ ಹಾಲಿನ ದುಡ್ಡು ಖಾಲಿ. ಇದರಲ್ಲಿ ಹುರುಳಿದೆ. 2025ರಲ್ಲಿ ರಾಜ್ಯ ಸರ್ಕಾರವೇ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಪಾಪ್‌ಕಾರ್ನಿನ ಬೆಲೆ ಕೇಳಿ ನಾನೇ ಮೂರ್ಛೆ ಹೋಗುವುದರಲ್ಲಿದ್ದೆ. ಆದರೆ ದುಬಾರಿ ಅನ್ನುವುದು ನೋಡದೇ ಇರಲಿಕ್ಕೆ ಕಾರಣ, ಎತ್ತಿಕೊಳ್ಳಲಿಕ್ಕಲ್ಲ. ಎರಡು ತಿಂಗಳು ತಡೆದರೆ ಎಷ್ಟೋ ಸಿನಿಮಾ ಮನೆ ಟಿವಿಗೇ ಬರುತ್ತದೆ. ಆ ಎರಡು ತಿಂಗಳು ಸಿನಿಮಾ ನೋಡದೆ ಸತ್ತವರಿಲ್ಲ.

ಬೆಂಗಳೂರಿನ ಬಡಾವಣೆಗಳಲ್ಲಿ ನಸುಕಿನ ಐದೂವರೆಗೆ ಹೂ ಕೀಳಲು ಹೊರಡುವವರನ್ನು ನೀವು ಕಂಡಿರುತ್ತೀರಿ. ಕೈಯಲ್ಲಿ ಪ್ಲಾಸ್ಟಿಕ್ ಕವರು, ತುದಿಗೆ ಕೊಕ್ಕೆ ಕಟ್ಟಿದ ಕೋಲು. ಪಕ್ಕದ ಮನೆ ಕಾಂಪೌಂಡಿನ ದಾಸವಾಳ, ಎದುರು ಮನೆಯ ನಂದಿಬಟ್ಟಲು, ಎಲ್ಲವೂ ದೇವರಿಗೆ. ದೇವರ ಪೂಜೆಗೆ ಹೂ ಕದ್ದರೆ ಪಾಪವಿಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪಾಪವೇ ಇಲ್ಲದಿದ್ದರೆ ಹತ್ತು ಗಂಟೆಗೆ, ಯಜಮಾನರು ಗೇಟಿನ ಹತ್ತಿರ ಪೇಪರ್ ಓದುತ್ತ ಕೂತಿರುವಾಗ ಯಾಕೆ ಕೀಳುವುದಿಲ್ಲ? ಸಿನಿಮಾಕ್ಕೂ ನಾನು ಇದೇ ಅಳತೆ ಹಿಡಿಯುತ್ತೇನೆ. ನನ್ನೆದುರು ಆ ಸಿನಿಮಾದ ಕೌಂಟರಿನಲ್ಲಿ ಯಾರಾದರೂ ಕೂತಿದ್ದಾರೆಯೇ? ಕೂತಿದ್ದರೆ, ಅವರ ಕಣ್ಣು ತಪ್ಪಿಸಿ ಹಿಂಬಾಗಿಲಿನಿಂದ ಹೋಗುವುದು ಕಳ್ಳತನವೇ. ಅದಕ್ಕೆ ಬೇರೆ ಹೆಸರು ಹುಡುಕುವುದು ಬೇಡ.

ಪುಕ್ಕಟೆ ಅನ್ನುವುದೂ ಸುಳ್ಳು. ಥಿಯೇಟರಿನಲ್ಲಿ ಹಿಡಿದ ಕ್ಯಾಮೆರಾ ಪ್ರಿಂಟನ್ನು ಗಮನವಿಟ್ಟು ನೋಡಿ. ಪರದೆ ಓರೆಯಾಗಿರುತ್ತದೆ, ಯಾರದೋ ತಲೆ ಎದ್ದು ಬಾತ್‌ರೂಮಿಗೆ ಹೋಗುತ್ತದೆ, ಮಾತಿನ ನಡುವೆ ಕೆಮ್ಮು, ಶಿಳ್ಳೆ. (ಶಿಳ್ಳೆ ಮಾತ್ರ ಚೆನ್ನಾಗಿರುತ್ತದೆ ಅಂತ ನಮ್ಮ ದೊಡ್ಡಪ್ಪನ ಅಭಿಪ್ರಾಯ.) ಇವೆಲ್ಲದರ ಜೊತೆ ಮೂಲೆಯಲ್ಲೋ ಕೆಳಸಾಲಿನಲ್ಲೋ ಬೆಟ್ಟಿಂಗ್ ಆ್ಯಪಿನ ಜಾಹೀರಾತು ಓಡುತ್ತಿರುತ್ತದೆ. ಸಿನಿಮಾ ಮಾಡಿದವನಿಗೆ ಕೊಡದ ಕಾಸನ್ನು ಜೂಜಿನವನು ಕೊಡುತ್ತಿದ್ದಾನೆ, ಕದ್ದವನಿಗೆ. ನೋಡುತ್ತ ಕೂತ ಮೊಮ್ಮಕ್ಕಳ ಕಣ್ಣಿಗೆ ಆ ಆ್ಯಪಿನ ಹೆಸರು ಮೂರು ಗಂಟೆ ಬೀಳುತ್ತದೆ. ಇಂಥ ಪ್ರಿಂಟ್ ಹಿಡಿಯುವವರ ಮೇಲೆ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ಬಿಗಿಯಾಯಿತು. ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಸಜೆ. ದಂಡ 3 ಲಕ್ಷದಿಂದ ಶುರುವಾಗಿ ಸಿನಿಮಾದ ಒಟ್ಟು ನಿರ್ಮಾಣ ವೆಚ್ಚದ ಶೇಕಡಾ 5ರವರೆಗೆ. ಥಿಯೇಟರಿಗೆ ಬರುವ ಡಿಜಿಟಲ್ ಪ್ರಿಂಟಿನಲ್ಲಿ ಕಣ್ಣಿಗೆ ಕಾಣದ ಗುರುತು ಇರುತ್ತದೆ. ಯಾವ ಥಿಯೇಟರ್, ಯಾವ ಹೊತ್ತಿನ ಆಟ ಅನ್ನುವುದನ್ನು ಕದ್ದ ಪ್ರಿಂಟಿನಿಂದಲೇ ಓದಿ ತೆಗೆಯಬಹುದು. ಸೆಲೋಟೇಪಿನ ಕಾಲ ಹೋಯಿತು.

ಇಷ್ಟಕ್ಕೇ ನಿಲ್ಲಿಸಿದರೆ ನಾನು ನಿರ್ಮಾಪಕರ ಸಂಘದ ಪರ ವಕಾಲತ್ತು ಹಾಕಿದ ಹಾಗಾಗುತ್ತದೆ. ಕೌಂಟರಿನಲ್ಲಿ ಯಾರೂ ಇಲ್ಲದಿದ್ದರೆ ಏನು ಮಾಡಬೇಕು? ಕನ್ನಡದ ಮಟ್ಟಿಗೆ ದೊಡ್ಡ ಪ್ರಶ್ನೆ ಇದೇ. ಎಪ್ಪತ್ತು ಎಂಬತ್ತರ ದಶಕದ ಎಷ್ಟೋ ಕನ್ನಡ ಸಿನಿಮಾಗಳನ್ನು ದುಡ್ಡು ಹಿಡಿದು ನಿಂತರೂ ಕೊಡುವವರಿಲ್ಲ. ಡಿವಿಡಿ ಬಂದಿಲ್ಲ, ಬಂದಿದ್ದರೂ ಮುಗಿದಿದೆ, ಓಟಿಟಿಯವರಿಗೆ ಬೇಡವಾಗಿದೆ. ಅಂಥದ್ದರಲ್ಲಿ ಹುಡುಕಿದರೆ ಸಿಗುವುದು ಯಾರೋ ಪುಣ್ಯಾತ್ಮರು ಟಿವಿಯಿಂದ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ತುಂಡು ತುಂಡಾಗಿ ಹಾಕಿದ ಕಾಪಿ. ಮೂಲೆಯಲ್ಲಿ ಚಾನೆಲ್ಲಿನ ಲೋಗೋ, ಕೆಳಗೆ ಯಾವುದೋ ಕಾಲದ ಚಿನ್ನದಂಗಡಿಯ ಆಷಾಢ ರಿಯಾಯಿತಿ. ಅದೂ ನೇರ ಕಾನೂನಿನ ಪ್ರಕಾರ ತಪ್ಪೇ. ಆದರೆ ಅದೂ ಇಲ್ಲದಿದ್ದರೆ ಆ ಸಿನಿಮಾ ಇತ್ತು ಅನ್ನುವುದಕ್ಕೆ ಹಳೇ ಪತ್ರಿಕೆಯ ವಿಮರ್ಶೆಯೊಂದೇ ಸಾಕ್ಷಿ.

ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಥಿಯೇಟರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯ್ಡು ಇಂದ್ರಜಿತು. ಇವತ್ತು ಅದರ ಒಂದೇ ಒಂದು ಪ್ರಿಂಟ್ ಉಳಿದಿಲ್ಲ. ಅದನ್ನು ಯಾರೂ ಕದಿಯಲಿಲ್ಲ ನೋಡಿ. ಹಕ್ಕು ಇದ್ದವರ ಕೈಯಲ್ಲೇ ಇತ್ತು, ಹೋಯಿತು. ಅತ್ತ ಜರ್ಮನಿಯಲ್ಲಿ 1922ರಲ್ಲಿ ಬಂದ 'ನೋಸ್ಫೆರಾಟು' ಸಿನಿಮಾ 'ಡ್ರಾಕುಲಾ' ಕಾದಂಬರಿಯ ಕಥೆಯನ್ನು ಅನುಮತಿಯಿಲ್ಲದೆ ಎತ್ತಿಕೊಂಡಿತ್ತು. ಕಾದಂಬರಿಕಾರನ ಹೆಂಡತಿ ಕೋರ್ಟಿಗೆ ಹೋದಳು, ಪ್ರಿಂಟುಗಳನ್ನೆಲ್ಲ ನಾಶಮಾಡಿ ಅಂತ ಆಜ್ಞೆಯಾಯಿತು. ಹೇಗೋ ತಪ್ಪಿಸಿಕೊಂಡ ಕೆಲವು ಪ್ರಿಂಟುಗಳಿಂದ ಅದು ಬದುಕಿತು. ಇವತ್ತು ಸಿನಿಮಾ ಕಲಿಸುವ ಶಾಲೆಗಳಲ್ಲೆಲ್ಲ ಅದು ಪಾಠ. ಬಿಬಿಸಿ ತನ್ನ 'ಡಾಕ್ಟರ್ ಹೂ' ಧಾರಾವಾಹಿಯ ಹಳೇ ಕಂತುಗಳನ್ನು ಟೇಪ್ ಉಳಿತಾಯಕ್ಕೆಂದು ತಾನೇ ಅಳಿಸಿಹಾಕಿತು. ಅವುಗಳ ಧ್ವನಿಯಾದರೂ ಉಳಿದದ್ದು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಅಭಿಮಾನಿಗಳಿಂದ. ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್ ಎಂಬ ಹೆಂಗಸು ಮೂರು ದಶಕಕ್ಕೂ ಹೆಚ್ಚು ಕಾಲ ಹಗಲೂ ರಾತ್ರಿ ಟಿವಿ ಸುದ್ದಿ ರೆಕಾರ್ಡ್ ಮಾಡಿ, 2012ರಲ್ಲಿ ತೀರಿಕೊಂಡಾಗ ಸುಮಾರು 70,000 ಕ್ಯಾಸೆಟ್ ಬಿಟ್ಟುಹೋದರು. ಅವು ಇಂಟರ್ನೆಟ್ ಆರ್ಕೈವಿಗೆ ಸೇರಿದವು. ಉಡುಪಿಯ ಮಾವನ ಕಪಾಟು ಅದರ ಮುಂದೆ ಏನೂ ಅಲ್ಲ.

ಒಳ್ಳೆಯ ದಾರಿಯಿಲ್ಲ ಅಂತಲ್ಲ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಹೊಸದಾಗಿ ಸಂಸ್ಕರಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಭಾಗ್ಯ ಎಷ್ಟು ಸಿನಿಮಾಕ್ಕೆ ಬಂದೀತು? ಬಾಕಿಯವಕ್ಕೆ ಗತಿ ಯಾರು? ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ತೆರೆಕಂಡ ಮೇಲೆ 60 ವರ್ಷ. ಆ ಲೆಕ್ಕದಲ್ಲಿ 1954ರ 'ಬೇಡರ ಕಣ್ಣಪ್ಪ', 1960ರ 'ರಣಧೀರ ಕಂಠೀರವ', 1964ರ 'ಅಮರಶಿಲ್ಪಿ ಜಕಣಾಚಾರಿ' ಈಗ ಎಲ್ಲರ ಸ್ವತ್ತು. (ಹಾಡು, ಸಾಹಿತ್ಯದ ಹಕ್ಕಿನ ತಕರಾರು ಬೇರೆ ಇರಬಹುದು. ವಕೀಲರೂ ಬದುಕಬೇಕಲ್ಲ.) ಎಲ್ಲರ ಸ್ವತ್ತಾದ ದಿನ ಕೈಗೆ ಸಿಗಬೇಕಾದರೆ, ಹಿಂದಿನ 60 ವರ್ಷ ಯಾರಾದರೂ ಅದನ್ನು ಹಾಳಾಗದಂತೆ ಇಟ್ಟಿರಬೇಕು. ಹಕ್ಕುದಾರ ಇಡದೇ ಹೋದರೆ ಇಟ್ಟವನು ಸಾಮಾನ್ಯವಾಗಿ ಸೆಲೋಟೇಪಿನವನೇ.

ಹಾಗಾಗಿ ನನ್ನ ತೀರ್ಮಾನ ಕಾಲವನ್ನು ನೋಡಿಕೊಂಡು ಬದಲಾಗುತ್ತದೆ. ಅದೇ ಸಿನಿಮಾ, ಅದೇ ಕಾಪಿ. ಮೊದಲ ವಾರದಲ್ಲಿ ಮಾಡಿದರೆ ಕಳ್ಳತನ. ಅಂಗಡಿಯಲ್ಲೋ ಓಟಿಟಿಯಲ್ಲೋ ಸಿಗುತ್ತಿರುವಷ್ಟು ಕಾಲವೂ ಕಳ್ಳತನವೇ, ಸ್ವಲ್ಪ ಸಣ್ಣದು. ಮಾರುವವನು ಬಾಗಿಲು ಹಾಕಿಕೊಂಡು ಹೋಗಿ ದಶಕಗಳಾದ ಮೇಲೆ ಮಾಡಿದರೆ ಉಪಕಾರ. ಕಾನೂನು ಇದನ್ನು ಒಪ್ಪುವುದಿಲ್ಲ, ಅದಕ್ಕೆ ಒಂದೇ ಅಳತೆ, 60 ವರ್ಷ. ಅದು ನ್ಯಾಯಾಲಯದ ಅನುಕೂಲ. ಮನೆಯಲ್ಲಿ ಕೂತವನಿಗೆ ಅಷ್ಟು ಸರಳ ಅಳತೆ ಸಾಲದು. ಅಕ್ಕನ ಮಗನಿಗೆ ಇದನ್ನು ಹೇಳಿದೆ. "ಹಾಗಾದ್ರೆ ಹಳೇ ಪಿಕ್ಚರ್ ಲಿಂಕ್ ಹಾಕಬಹುದಾ ಮಾಮ?" ಅಂದ. ಹಾಕು ಅಂದೆ. ಅವನು ಹಾಕಲಿಲ್ಲ. ಹಳೇ ಪಿಕ್ಚರ್ ಯಾರೂ ಕೇಳುವುದಿಲ್ಲವಂತೆ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲಿ ದೂರದರ್ಶನದಿಂದ ರೆಕಾರ್ಡ್ ಮಾಡಿದ, ಅಥವಾ ನಿಮ್ಮ ಮಾವನಂಥವರು ಕಾಪಿ ಮಾಡಿಕೊಟ್ಟ ಕನ್ನಡ ಸಿನಿಮಾ, ನಾಟಕ, ಸಂದರ್ಶನದ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕಬೇಡಿ. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ನೇರವಾಗಿ ವಿಸಿಆರಿಗೆ ತುರುಕಬೇಡಿ, ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟನ್ನೂ ಕೆಡಿಸುತ್ತದೆ. ಮೊದಲು ತಿಳಿದವರಿಂದ ಸ್ವಚ್ಛ ಮಾಡಿಸಿ. ಜಗತ್ತಿನಲ್ಲಿ ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಕೈಬಿಟ್ಟಿತು. ಹಳೇ ಮದುವೆ ವಿಡಿಯೋಗಳನ್ನು ಡಿಜಿಟಲ್ ಮಾಡಿಕೊಡುವ ಸ್ಟುಡಿಯೋಗಳಲ್ಲಿ ಇನ್ನೂ ಕೆಲವು ಯಂತ್ರ ಓಡುತ್ತಿವೆ, ಅಲ್ಲಿ ಕೊಟ್ಟು ಕಾಪಿ ಮಾಡಿಸಿ. ಮಾಡಿಸಿದ ಮೇಲೂ ಮೂಲ ಕ್ಯಾಸೆಟ್ ಎಸೆಯಬೇಡಿ, ಹಾರ್ಡ್‌ಡಿಸ್ಕ್ ಕೂಡ ಕೆಡುತ್ತದೆ.